ಸಾಹೇಬ್ರ, ಊಟಾ ಆತೇನ್ರಿ?

ಬ್ಯಾಡಗಿ ರಸ್ತೆಯ ಆ ಮಧ್ಯಾಹ್ನ ತಾವೂ ಅಲ್ಲಿದ್ದೆವು ಎನ್ನುವವರು ರಾಣೆಬೆನ್ನೂರಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಮೊನ್ನೆ ಕಾಯಿಪಲ್ಲೆ ಗಾಡಿಯವನೊಬ್ಬ ನಾನು ಯಾರೆಂದು ತಿಳಿಯದೆ ನನಗೇ ಆ ಕತೆ ಹೇಳಿದ. “ನಾ ಅಲ್ಲೇ ನಿಂತಿದ್ನಿರಿ ಅಕ್ಕಾರ, ಚಾಚಾನ ಆಟೋದ ಬಾಜೂಕ” ಎಂದ. ನಾನು ಬದನೆಕಾಯಿ ಆರಿಸುತ್ತ ಹೂಂಗುಟ್ಟಿದೆ. ಬಾಜೂಕಲ್ಲ, ಆ ಆಟೋದ ಹಿಂದಿನ ಸೀಟಿನಲ್ಲೇ ಕುಳಿತಿದ್ದವಳು ನಾನು. ಹೀಗೆ ಹೇಳುವವರೆಲ್ಲ ನಿಜಕ್ಕೂ ಅಲ್ಲಿದ್ದಿದ್ದರೆ, ಆ ಲಾಕ್‌ಡೌನಿನಲ್ಲಿ ಸಾಹೇಬರ ಸಮಾರಂಭಕ್ಕಿಂತ ನಮ್ಮ ಆಟೋದ ಸುತ್ತಲಿನ ಗದ್ದಲವೇ ದೊಡ್ಡ ನಿಯಮಭಂಗವಾಗುತ್ತಿತ್ತು.

ಚಾಚಾ ಈಗ ಊರಲ್ಲಿಲ್ಲ. ಗಂಟಲಿಗೆ ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ ಮೇಲೆ ಆಟೋ ಮಾರಿ, ಹಾವೇರಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಕತೆ ಮಾತ್ರ ಇಲ್ಲೇ ಉಳಿದು, ಬಾಯಿಂದ ಬಾಯಿಗೆ ದಪ್ಪಗಾಗುತ್ತ ಬಂದಿದೆ. ಚಾಚಾ ಸಾಹೇಬರ ಕಾಲರ್ ಹಿಡಿದರು ಎಂಬುದೂ ಈಚೆಗೆ ಅದಕ್ಕೆ ಸೇರಿಕೊಂಡಿದೆ. ಚಾಚಾ ಜನ್ಮದಲ್ಲಿ ಯಾರ ಕಾಲರನ್ನೂ ಹಿಡಿದವರಲ್ಲ. ಅದಕ್ಕೇ ಇದನ್ನು ಬರೆಯಬೇಕೆನಿಸಿತು.

ಅವರು ಪ್ರಚಾರದ ಆಟೋದವರು. ಆಟೋದ ನೆತ್ತಿಯ ಮೇಲೆ ಎರಡು ಹಾರ್ನು, ಹ್ಯಾಂಡಲ್ಲಿಗೆ ತಂತಿ ಸುತ್ತಿ ಬಾಯಿಗೆ ನೇರ ನಿಲ್ಲಿಸಿದ ಮೈಕು. ಬೀಜದ ಅಂಗಡಿಯ ಹೊಸ ಹೈಬ್ರಿಡ್ಡು, ಸೀರೆ ಅಂಗಡಿಯ ಆಷಾಢದ ಸೇಲು, ನಳದ ನೀರು ಬಾರದ ದಿನ, ಸಂತೆಯಲ್ಲಿ ಕೈ ತಪ್ಪಿದ ಕೂಸು, ತೀರಿಕೊಂಡ ಹಿರಿಯರು, ಊರಿಗೆ ತಿಳಿಯಬೇಕಾದ್ದೆಲ್ಲ ಆ ದನಿಯಲ್ಲೇ ತಿಳಿಯಬೇಕು. ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ. ಸಾವಿನ ಸುದ್ದಿಯಿದ್ದ ದಿನ ಆಟೋ ತನ್ನಷ್ಟಕ್ಕೇ ನಿಧಾನವಾಗುತ್ತಿತ್ತು. ಸೇಲು ಇದ್ದ ದಿನ ಅದೇ ದನಿ ಮದುವೆ ಮನೆಯ ಬೀಗರ ಹಾಗೆ ಕೈಹಿಡಿದು ಎಳೆಯುತ್ತಿತ್ತು.

ಊರಿಗೆಲ್ಲ ಪರಿಚಯವಿದ್ದದ್ದು ದನಿ. ಮುಖವನ್ನು ಗುರುತಿಸುವವರು ಕಡಿಮೆ. ಆಟೋದ ಗಾಜಿನ ಹಿಂದೆ ಅರ್ಧ ಮರೆಯಾದ, ಕುರುಚಲು ಗಡ್ಡದ ಸಣ್ಣ ಆಳು. ಸ್ಟೇಶನ್ ಹತ್ತಿರದ ಚಹಾದಂಗಡಿಯಲ್ಲಿ ಅವರು “ಒಂದ ಚಹಾ ಕೊಡಪಾ, ಸಕ್ಕರಿ ಕಡಿಮಿ” ಎಂದರೆ ಸಾಕು, ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೇ ತಿರುಗುತ್ತಿದ್ದರು. ಒಮ್ಮೆ ಒಬ್ಬ ಹಳ್ಳಿಯವ, “ಏನ್ರಿ, ಸಕ್ಕರಿದೂ ಸೇಲ್ ಹಚ್ಯಾರೇನು?” ಎಂದು ಕೇಳಿಯೇಬಿಟ್ಟ. ಚಾಚಾ ಅದನ್ನು ನೂರು ಸಲ ಹೇಳಿ ನೂರು ಸಲವೂ ಹೊಸದಾಗಿ ನಗುತ್ತಿದ್ದರು.

ಮನೆಯಲ್ಲಿ ಮಾತ್ರ ಅವರು ಮೌನಿ. ಗಂಟಲು ಉಳಿಸಿಕೊಳ್ಳಬೇಕೆಂದು ಸಂಜೆಯಾದ ಮೇಲೆ ಮಾತೇ ಆಡುತ್ತಿರಲಿಲ್ಲ. ಓಂಕಾಳು ಹಾಕಿದ ಬಿಸಿನೀರು ಕುಡಿಯುತ್ತ ಎಲ್ಲಕ್ಕೂ ಕೈಸನ್ನೆ. ಚಾಚಿ ಒಮ್ಮೆ ನನ್ನೆದುರೇ ಹೇಳಿದರು: “ಊರಿಗೆಲ್ಲ ಮೈಕ್, ನನಗ ಬರೇ ಬಳ್ಳಿನ ಸನ್ನಿ. ಲಗ್ನ ಆದಾಗಿಂದ ಇವರು ನನ್ನ ಹೆಸರ ಹಿಡದು ಕರದದ್ದು ಒಮ್ಮೆ, ಅದೂ ರೇಶನ್ ಕಾರ್ಡ್ ಆಫೀಸನ್ಯಾಗ.” ಚಾಚಾ ಬಿಸಿನೀರಿನ ಲೋಟ ಕೆಳಗಿಟ್ಟು ಎರಡೂ ಕೈ ಮುಗಿದು ಚಾಚಿಗೆ ನಮಸ್ಕಾರ ಮಾಡಿದರು. ಅದೂ ಮಾತಿಲ್ಲದೆಯೇ.

ನನಗೆ ಅವರ ದನಿಯ ಪರಿಚಯವಾದದ್ದು ಕೆಲಸಕ್ಕೆ ಸೇರುವ ಮುಂಚೆಯೇ. ನಮ್ಮದು ಕುಪ್ಪೇಲೂರು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ರಾಣೆಬೆನ್ನೂರಿನ ಸಂತೆಯಲ್ಲಿ ಅಪ್ಪನ ಎಮ್ಮೆ ಹಗ್ಗ ಬಿಚ್ಚಿಕೊಂಡು ಹೋಗಿತ್ತು. ಚಾಚಾ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದರು. “ಕರೀ ಬಣ್ಣ, ಹಿಂದಕ್ಕ ಬಾಗಿದ ಕೋಡು, ಸ್ವಭಾವ ಭಾಳ ಸಾದಾ. ಯಾರರ ಕರದ್ರ ಸಂಕೋಚಕ್ಕ ಅವರ ಹಿಂದನ ಹೋಗೂವಂಥಾದ್ದು. ಹಂಗ ಹೋಗಿದ್ದ್ರ ಅದರ ತಪ್ಪಲ್ಲ, ಕರದವರ ತಪ್ಪೂ ಅಲ್ಲ, ತಂದು ಸಂತಿ ಬಾಗಲದಾಗ ಕಟ್ಟಿಬಿಡ್ರಿ” ಎಂದು ಹೇಳುತ್ತ ಹೋದರಂತೆ. ಮಧ್ಯಾಹ್ನದೊಳಗೆ ಯಾರೋ ಎಮ್ಮೆಯನ್ನು ತಂದು ಕಟ್ಟಿ ಸದ್ದಿಲ್ಲದೆ ಹೋಗಿದ್ದರು. ಕದ್ದವನಿಗೂ ಮುಖ ಉಳಿಸಿಕೊಳ್ಳುವ ದಾರಿ ಬಿಟ್ಟದ್ದರಿಂದ ಎಮ್ಮೆ ಸಿಕ್ಕಿತು ಎಂದು ಅಪ್ಪ ಬಹಳ ದಿನ ಹೇಳುತ್ತಿದ್ದ.

ಅವರಿಗೊಂದು ಹಟವಿತ್ತು. ಸುಳ್ಳನ್ನು ಮೈಕಿನಲ್ಲಿ ಹೇಳುತ್ತಿರಲಿಲ್ಲ. ಸಕ್ಕರೆ ರೋಗವನ್ನು ವಾರದಲ್ಲಿ ಬೇರು ಸಹಿತ ಕೀಳುತ್ತೇನೆಂದು ಒಬ್ಬ ಔಷಧದವನು ದುಪ್ಪಟ್ಟು ಬಾಡಿಗೆ ಕೊಡಲು ಬಂದಾಗ, “ಮೊದಲ ನಮ್ಮ ಮನ್ಯಾಕಿದು ಕಿತ್ತು ತೋರಸ್ರಿ, ಆಮ್ಯಾಲೆ ಊರಿಂದು ನೋಡೂಣು” ಎಂದು ಕಳಿಸಿದ್ದರು. ಆ ಹಟ ಅವರನ್ನು ಯಾವ ಬಾಗಿಲಿಗೆ ತಂದು ನಿಲ್ಲಿಸುತ್ತದೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೊರೋನಾದ ಎರಡನೆಯ ಅಲೆ ಬಂದು ಮತ್ತೆ ಲಾಕ್‌ಡೌನ್ ಆದಾಗ ನಾನು ಊರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನವೂ ಓಣಿ ಓಣಿಗೆ ಹೋಗಿ ನಿಯಮಗಳನ್ನು ಸಾರಲು ಚಾಚಾನ ಆಟೋ ಗೊತ್ತು ಮಾಡಿದರು. ಏನು ಸಾರಬೇಕೆಂಬ ಹಾಳೆ ಹಿಡಿದು ಜೊತೆಗೆ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಸಾರ್ವಜನಿಕರು ಅನಗತ್ಯವಾಗಿ ಸಂಚರಿಸತಕ್ಕದ್ದಲ್ಲ. ಮೇಡಮ್ಮಾರ, ಇದನ್ನ ಓದಿದ್ರ ಮಂದಿ ಅರ್ಥ ಕೇಳಾಕ ಹೊರಗ ಬರ್ತಾರ.” ಆಮೇಲೆ ತಮ್ಮದೇ ರೀತಿಯಲ್ಲಿ ಶುರು ಮಾಡಿದರು.

“ಸುಮ್‌ಸುಮ್ಕ ತಿರಗಬ್ಯಾಡ್ರಿ, ಊರು ಎಲ್ಲೂ ಓಡಿ ಹೋಗೂದಿಲ್ಲ. ಹಸರ ಸೀರಿ ಅಕ್ಕಾರ, ಮಾಸ್ಕ್ ಮೂಗಿನ ಮ್ಯಾಲ ಏರಸ್ರಿ, ಗಡ್ಡಕ್ಕೇನು ಥಂಡಿ ಆಗೂದಿಲ್ಲ. ಕಟ್ಟಿ ಮ್ಯಾಲ ಕುಂತ ಹಿರಿಯಾರ, ನಿಮ್ಮ ಹರಟಿ ಹ್ವಾದ ವರ್ಷದ್ದ ಇನ್ನೂ ಮುಗದಿಲ್ಲ, ಅದನ್ನ ಮುಂದಿನ ವರ್ಷಕ್ಕ ಇಡ್ರಿ.”

ಬೈಸಿಕೊಂಡವರೇ ನಗುತ್ತ ಒಳಗೆ ಹೋಗುತ್ತಿದ್ದರು. ಲಾಠಿಗೆ ಹೆದರಿ ಒಳಗೆ ಹೋದವರು ಜೀಪು ಮರೆಯಾದ ಕೂಡಲೇ ಹೊರಗೆ ಬರುತ್ತಾರೆ. ನಗುತ್ತ ಹೋದವರು ಹಾಗೆ ಬರುವುದು ಕಡಿಮೆ. ಇದನ್ನು ನಾನು ಆ ಹಿಂದಿನ ಸೀಟಿನಲ್ಲಿ ಕುಳಿತು ಕಲಿತೆ.

ಲಾಠಿಯ ಕಡೆಗೆ ಒಬ್ಬ ಸಾಹೇಬರಿದ್ದರು. ಊರಿನ ಲಾಕ್‌ಡೌನ್ ಉಸ್ತುವಾರಿಗೆಂದು ಬಂದಿದ್ದ ಅಧಿಕಾರಿ, ಮೈಸೂರು ಕಡೆಯವರು. ಅವರ ಇಲಾಖೆ, ಹೆಸರು ಇಲ್ಲಿ ಬೇಕಿಲ್ಲ. ಕೆಲಸಗಳ್ಳರಲ್ಲ, ಎಷ್ಟೋ ದಿನ ಕಚೇರಿಯಲ್ಲೇ ಮಲಗಿದ್ದರು. ಆದರೆ ಕಾನೂನೆಂದರೆ ಜನರನ್ನು ಅವಮಾನ ಮಾಡುವುದೆಂದು ತಿಳಿದಿದ್ದರು. ಹಾಲು ತರಲು ಹೊರಟ ಮೇಷ್ಟ್ರೊಬ್ಬರಿಂದ ರಸ್ತೆಯಲ್ಲಿ ಬಸ್ಕಿ ಹೊಡೆಸಿದ್ದರು. ಒಂದು ಮದುವೆ ಮನೆಗೆ ನುಗ್ಗಿ, ಮಂದಿ ಹೆಚ್ಚಾಗಿದ್ದಾರೆಂದು ಉಣ್ಣುತ್ತಿದ್ದವರನ್ನು ಎಲೆಯ ಮುಂದಿನಿಂದ ಎಬ್ಬಿಸಿ, ಅದರ ವೀಡಿಯೋ ತೆಗೆಸಿ ಎಲ್ಲ ಮೊಬೈಲಿಗೂ ಹರಿಬಿಟ್ಟಿದ್ದರು. ಅದರಲ್ಲಿ ಮದುಮಗಳ ಅಜ್ಜ ಕೈಯಲ್ಲಿ ತುತ್ತು ಹಿಡಿದೇ ನಿಂತಿದ್ದರು.

ಆ ದಿನಗಳಲ್ಲೇ ಚಾಚಾನ ಮಗಳ ನಿಕಾಹ್ ಆಯಿತು. ಒಬ್ಬಳೇ ಮಗಳು. ಹಾವೇರಿಯ ಹುಡುಗನ ಕಡೆಯವರು ಪರವಾನಗಿ ಪಡೆದು ನಾಲ್ಕೈದು ಮಂದಿ ಬಂದರು. ಈ ಕಡೆ ಮನೆಯವರು, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವಳೆಂದು ನಾನು. ಇನ್ನೇನು ಶುರುವಾಗಬೇಕು ಎನ್ನುವಾಗ ಬ್ಯಾಡಗಿಯಿಂದ ಚಾಚಾನ ಅಣ್ಣ ಬಂದರು. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಮಾಡುವ ಹಿರಿಯರು. ತಂದೆಯಿಲ್ಲದ ಚಾಚಾನನ್ನು ಬೆಳೆಸಿದ್ದೇ ಅವರು. ಪರವಾನಗಿ ಸಿಗದೆ, ಪೊಲೀಸರ ಕಣ್ಣು ತಪ್ಪಿಸಿ, ಹೊಲದ ದಾರಿಯಲ್ಲಿ ಬೈಕಿನಲ್ಲಿ ಬಂದಿದ್ದರು. ಶೇರ್ವಾನಿಯ ತುಂಬ ಕೆಂಪು ಧೂಳು.

ಚಾಚಾ ಬಾಗಿಲಿಗೆ ಅಡ್ಡ ನಿಂತರು. “ಭಾಯಿಜಾನ್, ಪರವಾನಗಿ ಇಲ್ದ ಹೊರಗಿನ ಊರವ್ರು ಬರಬಾರ್ದು ಅಂತ ಮುಂಜಾನಿಂದ ಸಂಜೀತನಾ ನಾನ ಒದರ್ತೇನಿ. ನಿಮ್ಮನ್ನ ಒಳಗ ಕರಕೊಂಡ್ರ ನಾಳೆ ಯಾ ಬಾಯಿಲೆ ಒದರ್ಲಿ?”

ಅಣ್ಣ ತಿರುಗಿ ನಡೆದರು. ಓಣಿಯಾಚೆಯ ಬೇವಿನ ಮರದ ಕೆಳಗೆ ನಿಂತು, ಅಲ್ಲಿಂದಲೇ ಎರಡೂ ಕೈಯೆತ್ತಿ ಮದುಮಗಳಿಗೆ ದುವಾ ಮಾಡಿದರು. ಚಾಚಿ ತಾಟಿನಲ್ಲಿ ಊಟ ಕಳಿಸಿದರೆ ಮುಟ್ಟದೆ ಹೊರಟುಹೋದರು. ಚಾಚಾ ನಿಕಾಹ್ ಮುಗಿಯುವವರೆಗೂ ನಗುಮುಖದಲ್ಲೇ ಇದ್ದರು. ಆಮೇಲೆ ಆಟೋದಲ್ಲಿ ಹೋಗಿ ಒಬ್ಬರೇ ಕುಳಿತರು. ಅಣ್ಣ ಫೋನ್ ಎತ್ತುವುದನ್ನು ನಿಲ್ಲಿಸಿದರು.

ಇದಾಗಿ ಕೆಲವೇ ದಿನ. ಅವತ್ತು ನಮ್ಮ ಪಾಳಿ ಬ್ಯಾಡಗಿ ರಸ್ತೆಯ ಕಡೆ ಇತ್ತು. ಊರು ಮುಗಿಯುವಲ್ಲಿ ಒಂದು ತೋಟದ ಮನೆ. ಅದರ ಮುಂದೆ ಎರಡೂ ಬದಿಗೆ ಕಾರುಗಳು. ಪ್ರತಿ ಕಾರಿನ ಗಾಜಿಗೂ ‘ಅಗತ್ಯ ಸೇವೆ’ ಎಂಬ ಚೀಟಿ. ಚೀಟಿಯ ಹಿಂದಿನಿಂದ ರೇಷ್ಮೆ ಸೀರೆಯವರು, ಜರತಾರಿ ಶಲ್ಯದವರು ಇಳಿದಿಳಿದು ಒಳಗೆ ಹೋಗುತ್ತಿದ್ದರು. ತುಪ್ಪದ ವಾಸನೆ ರಸ್ತೆಗೆ ಬಂದಿತ್ತು. ಗೇಟಿನ ಪಕ್ಕ ಸಾಹೇಬರ ಜೀಪು. ಎದುರು ಮನೆಯ ಮಾಳಿಗೆಯಿಂದ ಒಬ್ಬ ಹೆಂಗಸು ನಮಗೆ ಸಂಗತಿ ತಿಳಿಸಿದಳು: “ಸಾಹೇಬ್ರ ಮಗಳ ನಿಶ್ಚಯರೀ! ಮುಂಜಾನಿಂದ ಮಂದಿ ಎಣಿಸಿ ಎಣಿಸಿ ಸಾಕಾತು.”

“ಚಾಚಾ, ತಿರಗಸ್ರಿ” ಎಂದೆ.

ಚಾಚಾ ಎಂಜಿನ್ ಬಂದ್ ಮಾಡಿದರು. “ಇದು ನಮ್ಮ ಪಾಳೇದ ರಸ್ತಾ ಹೌದಲ್ಲೋ ಬೇಟಿ?”

“ಹೌದ್ರಿ, ಆದ್ರ ನಿಮ್ಮ ಆಟೋ ಹೋಗ್ತೈತಿ. ನನ್ನ ನೌಕರಿ ಹೋಗ್ತೈತಿ.”

“ನೀ ಇಳದು ಆ ಅಂಗಡಿ ನೆರಳಾಗ ನಿಂದ್ರು. ನಾ ಒಬ್ಬನ ಇದ್ದೆ ಅಂತ ಹೇಳ್ತೇನಿ.” ಅಷ್ಟು ಹೇಳಿ ತಡೆದರು. ತಾವು ಹೇಳುತ್ತಿರುವುದು ಸುಳ್ಳೆಂದು ಅವರಿಗೇ ಹೊಳೆದಿರಬೇಕು. “ಅದೂ ಬ್ಯಾಡ. ನೀನ ಹೇಳು, ಏನ ಮಾಡ್ಲಿ? ನಮ್ಮ ಭಾಯಿಜಾನ್ ಗಿಡದ ಬುಡಕ ನಿಂತು ಹೋದ್ರು.”

ನಾನು ಇಳಿಯಲಿಲ್ಲ. ಧೈರ್ಯದಿಂದಲ್ಲ, ಸಾರುವ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತೆ. ಚಾಚಾ ಮೈಕಿಗೆ ಎರಡು ಸಲ ಊದಿದರು.

“ನಮಸ್ಕಾರ್ರಿ. ತ್ವಾಟದ ಮನ್ಯಾಗ ಕೂಡಿರೋ ಎಲ್ಲಾ ಬೀಗರಿಗೂ ಆದರದ ಸ್ವಾಗತ. ಕಾರ್ಯ ಯಾರದು ಅಂತ ನಾವು ಕೇಳೂದಿಲ್ಲ. ಜೋಡಿ ನೂರು ವರ್ಷ ಚಂದಾಗಿರಲಿ. ಆದ್ರ ನಿಮ್ಮ ಒಳ್ಳೇದಕ್ಕ ಒಂದ ಮಾತ ಹೇಳಾಕ ಬಂದೇನಿ. ನಮ್ಮೂರಾಗ ಒಬ್ಬರು ಸಾಹೇಬ್ರ ಅದಾರ. ಭಾಳ ಖಡಕ್ ಮನಶ್ಯಾ. ಹೆಚ್ಚು ಮಂದಿ ಕೂಡಿದ್ದು ಅವರಿಗೆ ಗೊತ್ತಾತಂದ್ರ ಎಲಿ ಮುಂದಿಂದ ಎಬ್ಬಸ್ತಾರ, ರಸ್ತಾದಾಗ ಬಸ್ಕಿ ಹೊಡಸ್ತಾರ, ವೀಡಿಯೋ ಬ್ಯಾರೆ ತಗಸ್ತಾರ. ರೇಷ್ಮಿ ಸೀರಿ ಉಟಗೊಂಡು ಬಸ್ಕಿ ಹೊಡಿಯೂದು ಕಷ್ಟ ಐತ್ರಿ ತಾಯಂದಿರ. ಅದಕ್ಕ ಸಾಹೇಬ್ರ ಬರೂದ್ರಾಗ ಲಗೂ ಲಗೂ ಊಟಾ ಮುಗಿಸಿ ಹಿಂದಿನ ಬಾಗಲದಿಂದ ನಡೀರಿ.”

ದನಿಯಲ್ಲಿ ವ್ಯಂಗ್ಯದ ಒಂದೆಳೆ ಇರಲಿಲ್ಲ. ಸ್ವಂತ ಬೀಗರನ್ನು ಅಪಾಯದಿಂದ ಪಾರು ಮಾಡುವ ಕಳಕಳಿಯಿತ್ತು. ಎದುರಿನ ಮಾಳಿಗೆಗಳ ಮೇಲೆ ತಲೆಗಳು ಹೆಚ್ಚಾದವು. ಮೊದಲ ನಗು ಮಾಳಿಗೆಯ ಹೆಂಗಸಿನದು. ಅವಳು ನಗುತ್ತಲೇ ಮೊಬೈಲಿನಲ್ಲಿ ವೀಡಿಯೋ ತೆಗೆಯುತ್ತಿದ್ದಳು. ತೋಟದ ಬದುವಿನ ಮೇಲೆ ರೇಷ್ಮೆ ಜುಬ್ಬಾದ ಹಿರಿಯರೊಬ್ಬರು ಎಂಜಲು ಕೈಯನ್ನು ಮೇಲೆತ್ತಿಕೊಂಡು ಬಾಳೆಗಿಡಗಳ ಮರೆಗೆ ನಿಜಕ್ಕೂ ಓಡಿದರು.

ಅಷ್ಟರಲ್ಲಿ ಗೇಟು ಸರಿಸಿ ಸಾಹೇಬರೇ ಹೊರಗೆ ಬಂದರು. ರೇಷ್ಮೆ ಪಂಚೆ, ಹಣೆಗೆ ಗಂಧ, ಬಾಯಲ್ಲಿ ಎಲೆಅಡಿಕೆ. ಮಾಸ್ಕ್ ಇರಲಿಲ್ಲ. ಚಾಚಾ ಆಟೋದಲ್ಲೇ ನೆಟ್ಟಗೆ ಕುಳಿತು ಸಲಾಮು ಹೊಡೆದರು.

“ಅರೇ, ಬಂದ ಬಿಟ್ರು! ನಾ ಹೇಳಿದ್ನಿಲ್ರಿ, ಭಾಳ ಖಡಕ್ ಅಂತ? ಹೇಳೂದ್ರಾಗ ಹಾಜರ್! ಬೀಗರ, ಇನ್ನ ನೀವುಂಟು, ಅವರುಂಟು.” ಆಮೇಲೆ ಎಲ್ಲಿಲ್ಲದ ವಿನಯದಿಂದ ಕೇಳಿದರು: “ಸಾಹೇಬ್ರ, ಊಟಾ ಆತೇನ್ರಿ?”

ಮಾಳಿಗೆಗಳು ಬಿದ್ದು ಬಿದ್ದು ನಕ್ಕವು. ಸಾಹೇಬರ ಬಾಯಿ ತುಂಬ ಎಲೆಅಡಿಕೆ ಇದ್ದುದರಿಂದ ಅವರಿಗೆ ಬೈಯಲೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ಆ ವೀಡಿಯೋ ಹಾವೇರಿ ದಾಟಿತ್ತು. ಮರುದಿನ ಮುಂಜಾನೆ ಆಟೋ ಹಿಡಿದೊಯ್ದರು. ಕಾರಣ ಹಾರ್ನಿನ ಪರವಾನಗಿಯೋ ಏನೋ ಒಂದು. ನನ್ನನ್ನು ಆ ಕೆಲಸದಿಂದ ತೆಗೆದು, ಕಚೇರಿಯ ಮೂಲೆಯಲ್ಲಿ ಹಳೆಯ ಕಡತಗಳ ಧೂಳು ಜಾಡಿಸಲು ಹಚ್ಚಿದರು.

ಆದರೆ ಊರಿಗೆ ಒಂದು ಮಾತು ಸಿಕ್ಕಿಬಿಟ್ಟಿತ್ತು. ನಮ್ಮ ಕಡೆ ಎದುರಾದವರಿಗೆಲ್ಲ ಕೇಳುವ ಮಾತು ಅದು. ಯಾವ ಕಾನೂನಿನಲ್ಲೂ ಅಪರಾಧವಲ್ಲ. ಸಾಹೇಬರ ಜೀಪು ಬಂದರೆ ಸಾಕು, ಬಾಗಿಲಲ್ಲಿ ನಿಂತ ಮುದುಕಿ ಕೈಮುಗಿದು, “ಸಾಹೇಬ್ರ, ಊಟಾ ಆತೇನ್ರಿ?” ಹಾಲಿನ ಕೇಂದ್ರದವನು, “ಊಟಾ ಆತೇನ್ರಿ ಸರ?” ನಾಕಾಬಂದಿಯಲ್ಲಿ ನಿಂತ ಪೇದೆ ಸೆಲ್ಯೂಟ್ ಹೊಡೆದು ಅಭ್ಯಾಸಬಲದಿಂದ “ಊಟಾ...” ಎಂದು ಬಾಯಿ ಮುಚ್ಚಿಕೊಂಡನಂತೆ. ಹೂಂ ಎಂದರೂ ನಗೆ, ಇಲ್ಲವೆಂದರೂ ನಗೆ. ಸಾಹೇಬರು ಜೀಪಿನ ಗಾಜು ಏರಿಸಿ ಓಡಾಡತೊಡಗಿದರು.

ಆಟೋ ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ ನಾನು ಚಾಚಾನ ಮನೆಯಲ್ಲಿದ್ದಾಗ ಬ್ಯಾಡಗಿಯಿಂದ ಫೋನ್ ಬಂತು. ಚಾಚಾ ಹೆದರಿ ಚಾಚಿಯ ಕೈಗೆ ಕೊಟ್ಟರು. ಚಾಚಿ ಸ್ಪೀಕರ್ ಒತ್ತಿದರು. ಅಣ್ಣನ ಗಡಸು ದನಿ:

“ನನ್ನ ಒಬ್ಬನ್ನ ಹೊರಗ ನಿಂದರಿಸಿದಿ ಅಂತ ಸಿಟ್ಟಿತ್ತು ನನಗ. ಸರ್ಕಾರದ ಬಾಡಿಗಿ ಸಲುವಾಗಿ ಅಣ್ಣನ್ನ ಬಿಟ್ಟ ಅಂದಕೊಂಡಿದ್ದೆ. ಸಾಹೇಬ್ರ ಬಾಗಲಕ್ಕೂ ಹೋಗಿ ಅದನ್ನ ಒದರಿದೆಲ್ಲೋ. ಹಂಗಾದ್ರ ನಿಂದು ಖರೇ ಐತಿ. ರಸ್ತಾ ಚಾಲೂ ಆದ ಮ್ಯಾಲ ಬರ್ತೇನಿ, ಬಿರ್ಯಾನಿ ಮಾಡಸು. ಈ ಸಲ ಬಾಗಲದಾಗ ನಿಂದ್ರಬ್ಯಾಡ.”

ಚಾಚಾ ಕೈಸನ್ನೆಯಲ್ಲೇ ಹೂಂ ಎಂದರು. ಫೋನಿನಲ್ಲಿ ಕೈಸನ್ನೆ ಕಾಣುವುದಿಲ್ಲವೆಂದು ಚಾಚಿ ಬೈದ ಮೇಲೆ ಬಾಯಿ ತೆರೆದರು. ಆ ದೊಡ್ಡ ದನಿ ಒಡೆದು ಎರಡು ಚೂರಾಯಿತು.

ಕತೆ ಇಲ್ಲಿಗೇ ನಿಂತಿದ್ದರೆ ಕಾಯಿಪಲ್ಲೆಯವನು ಹೇಳುವ ಕತೆಯೇ ಸಾಕಿತ್ತು. ಆದರೆ ಸಾಹೇಬರನ್ನು ನೋಡಿ ನಕ್ಕು ನಕ್ಕು, ಊರು ಕೊನೆಗೆ ರೋಗದ ನಿಯಮಗಳಿಗೂ ನಗತೊಡಗಿತು. ಮಾಸ್ಕ್ ಹಾಕು ಎಂದರೆ “ಸಾಹೇಬ್ರಿಗೆ ಇಲ್ಲದ್ದು ನಮಗ್ಯಾಕ?” ಗುಂಪು ಕೂಡಬೇಡಿ ಎಂದರೆ “ಅಗತ್ಯ ಸೇವೆ ನಡದೈತಿ!” ಬೇರೊಂದು ಆಟೋದಲ್ಲಿ ರೆಕಾರ್ಡ್ ಮಾಡಿದ ದನಿ ಕಳಿಸಿದರು, ಅದನ್ನು ಅಣಕಿಸುವುದೇ ಓಣಿಗಳಿಗೆ ಹೊತ್ತುಗಳೆಯುವ ಆಟವಾಯಿತು. ನಮ್ಮ ಓಣಿಯ ಶಾಲೆಯಲ್ಲಿ ಲಸಿಕೆ ಹಾಕುವ ದಿನ ನರ್ಸುಗಳು ಮಧ್ಯಾಹ್ನದವರೆಗೂ ನೊಣ ಓಡಿಸುತ್ತ ಕುಳಿತರು. ಆ ವಾರವೇ ನಮ್ಮ ಓಣಿಯ ಟೇಲರ್ ಕೊರೋನಾದಿಂದ ತೀರಿಕೊಂಡ. ಚಾಚಾನ ವೀಡಿಯೋವನ್ನು ಹತ್ತು ಮಂದಿಯನ್ನು ಅಂಗಡಿಯೊಳಗೆ ಕೂಡಿಸಿಕೊಂಡು ತೋರಿಸಿ ತೋರಿಸಿ ನಕ್ಕಿದ್ದವನು.

ಚಾಚಾ ಎರಡು ದಿನ ಊಟ ಬಿಟ್ಟರು. “ನಾ ಸಾಹೇಬ್ರಿಗೆ ನಗ್ರಿ ಅಂದೆ ಬೇಟಿ. ರೋಗಕ್ಕ ನಗ್ರಿ ಅಂದಿದ್ದಿಲ್ಲ.”

ಮೈಕಿಲ್ಲದೆ, ಬರಿಗಾಲಲ್ಲಿ, ಬರಿಗಂಟಲಲ್ಲಿ ಓಣಿ ಓಣಿ ಸುತ್ತಿದರು. ಲಸಿಕೆ ಹಾಕಿಸಿಕೊಳ್ಳಿ ಎಂದು ಕೂಗಿದರು. ಜನ ಬಾಗಿಲಿಗೆ ಬಂದು “ಭಲೇ ಚಾಚಾ, ಸಾಹೇಬ್ರಿಗೆ ಸರೀ ಮಾಡಿದ್ರಿ” ಎಂದು ಕೈ ಕುಲುಕಲು ಹೋದರೇ ಹೊರತು ಯಾರೂ ಶಾಲೆಯ ಕಡೆ ಹೆಜ್ಜೆ ಹಾಕಲಿಲ್ಲ. ಅವರ ಮಾತನ್ನು ಊರು ಕೇಳದೆ ಹೋದದ್ದು ಅದೇ ಮೊದಲು.

ಆಗ ಅವರು ಮಾಡಿದ್ದನ್ನು ಕಾಯಿಪಲ್ಲೆಯವನು ಹೇಳುವುದಿಲ್ಲ. ಅವರೇ ಸಾಹೇಬರ ಕಚೇರಿಗೆ ಹೋದರು. ನಾನೂ ಹೋದೆ. ಸಾಹೇಬರು ಸೊರಗಿದ್ದರು. ಮೇಲಿನವರಿಂದ ಬೈಸಿಕೊಂಡಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

“ಕ್ಷಮೆ ಕೇಳೋಕೆ ಬಂದ್ರಾ?” ಎಂದರು.

“ನಿಮ್ಮ ಮಗಳ ಕಾರ್ಯದಾಗ ಗದ್ದಲಾ ಮಾಡಿದೆ. ಆ ಹುಡಿಗಿ ಏನ ತಪ್ಪ ಮಾಡಿದ್ದಿಲ್ಲ. ಅಕೀಗೆ ತಪ್ಪಾತು ಅಂತ ಹೇಳ್ರಿ.”

“ನನಗೆ?”

“ನಿಮಗ ಹೇಳಾಕ ಬಾಯಿ ಬರವಲ್ದು ಸರ.” ಚಾಚಾ ಕೈಮುಗಿದೇ ಇದ್ದರು. “ಮಂದಿ ನಿಮ್ಮ ಮಾತೂ ಕೇಳವಲ್ರು, ನನ್ನ ಮಾತೂ ಕೇಳವಲ್ರು. ಇಬ್ಬರೂ ಕೂಡಿ ಕೆಡಸೇವಿ. ಇಬ್ಬರೂ ಕೂಡಿ ಹೋಗೂಣು ಬರ್ರಿ. ನನ್ನ ಆಟೋದಾಗ ಕುಂದ್ರಿ, ಮೈಕ್ ಬಿಚ್ಚಿ ನಿಮ್ಮ ಕೈಯಾಗ ಕೊಡ್ತೇನಿ. ಏನಾತು ಅನ್ನೂದನ್ನ ನೀವ ಹೇಳಿಬಿಡ್ರಿ.”

ಸಾಹೇಬರು ಎದ್ದು ಕಿಟಕಿಯ ಬಳಿ ಹೋದರು. “ನಗ್ತಾರೆ” ಎಂದರು, ನಮ್ಮ ಕಡೆ ತಿರುಗದೆ.

“ಹೌದ್ರಿ, ನಗ್ತಾರ. ನಕ್ಕ ಮ್ಯಾಲೆ ಕೇಳ್ತಾರ.”

ಮರುದಿನ ಆಟೋಗೂ, ಕಡತಗಳ ಮೂಲೆಯಿಂದ ನನಗೂ ಬಿಡುಗಡೆಯಾಯಿತು. ಸಾಹೇಬರು ಜೀಪು ಬಿಟ್ಟು ಅದರ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ, ಮೊಣಕಾಲು ಮಡಚಿ ಕುಳಿತರು. ಮೊದಲ ಓಣಿಯಲ್ಲೇ ನಾಲ್ಕು ಕಡೆಯಿಂದ ಊಟದ ವಿಚಾರಣೆ ಬಂತು. ಸಾಹೇಬರು ಹಣೆಯ ಬೆವರು ಒರೆಸಿಕೊಂಡು ಮೈಕು ಹಿಡಿದರು.

“ಊಟ ಆಗಿತ್ತು. ಆ ದಿನ ನಾನು ಅಲ್ಲಿ ಊಟ ಮಾಡಬಾರದಿತ್ತು. ಅಷ್ಟು ಜನರನ್ನ ಸೇರಿಸಬಾರದಿತ್ತು. ಮಗಳ ಕಾರ್ಯ ಅಂತ ಮನಸ್ಸು ಸೋತಿತು. ನಿಮಗೂ ಮಕ್ಕಳಿದ್ದಾರೆ, ನೀವು ಸೋಲಲಿಲ್ಲ. ನನ್ನ ತಪ್ಪು ನೋಡಿ ನೀವು ಜೀವಕ್ಕೆ ಅಪಾಯ ತಂದುಕೋಬೇಡಿ. ಶಾಲೆಗೆ ಬಂದು ಲಸಿಕೆ ಹಾಕಿಸಿಕೊಳ್ಳಿ.”

ಓಣಿ ನಗಲಿಲ್ಲ. ಕಸಬರಿಗೆ ಹಿಡಿದು ನಿಂತಿದ್ದ ಒಬ್ಬ ಮುದುಕಿ ಕೊನೆಗೆ ಬಾಯಿಬಿಟ್ಟಳು: “ಆಗ್ಲಿ ಬಿಡಪಾ. ಮನಶ್ಯಾ ಅಂದ ಮ್ಯಾಲ ಇದ್ದದ್ದ. ಆ ಸೂಜಿ ಬ್ಯಾನಿ ಆಕ್ಕೈತೇನು ಮೊದಲ ಅದನ್ನ ಹೇಳು.”

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಸರತಿ ಬೆಳೆದಿತ್ತು. ಸಾಹೇಬರು ತಾವೇ ಕುರ್ಚಿ ಎತ್ತಿ ಎತ್ತಿ ನೆರಳಿಗೆ ಇಡುತ್ತಿದ್ದರು. ಚಾಚಾ ಆಟೋವನ್ನು ಅಂಗಳದೊಳಗೇ ನಿಲ್ಲಿಸಿ, “ಸೂಜಿ ಅಂದ್ರ ಏನಿಲ್ರಿ, ಇರಿವಿ ಕಡದಂಗ” ಎಂದು ಹುಮ್ಮಸ್ಸಿನಿಂದ ಸಾರುತ್ತಿದ್ದರು. ಸರತಿಯ ಮುಂದೆ ನಿಂತಿದ್ದ ಅದೇ ಮುದುಕಿ ಅಲ್ಲಿಂದಲೇ ಕೂಗಿದಳು.

“ಇರಿವಿ ಕಡದಂಗ ಅಂತ ನಿನಗ ಹೆಂಗ ಗೊತ್ತೋ? ನೀ ಹಾಕಿಸಿಕೊಂಡಿಯೇನು?”

ಚಾಚಾನ ಬಾಯಿ ತೆರೆದೇ ಇತ್ತು. ಮೈಕು ಚಾಲೂ ಇತ್ತು. ಅವರ ಉಸಿರು ಎರಡೂ ಹಾರ್ನಿನಿಂದ ಅಂಗಳದ ಮೇಲೆಲ್ಲ ಹರಿಯಿತು.

“ಇಲ್ಲಬೇ” ಎಂದರು. “ಸೂಜಿ ಅಂದ್ರ ನನಗ ಸಣ್ಣಾಂವ ಇದ್ದಾಗಿಂದ ಅಂಜಿಕಿ.”

ಅಂಗಳದಲ್ಲಿ ಎದ್ದ ನಗೆಗೆ ಶಾಲೆಯ ಹೆಂಚಿನ ಮೇಲಿನ ಪಾರಿವಾಳಗಳು ಹಾರಿಹೋದವು. ನರ್ಸುಗಳು ನಕ್ಕರು, ನಾನು ನಕ್ಕೆ. ಕುರ್ಚಿ ಎತ್ತಿಕೊಂಡು ನಿಂತಿದ್ದ ಸಾಹೇಬರು ಅದನ್ನು ಕೆಳಗಿಟ್ಟು, ಅದರ ಮೇಲೇ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಗ್ರಿ, ನಗ್ರಿ” ಎಂದರು ಚಾಚಾ ಮೈಕಿನಲ್ಲಿ. “ಇವತ್ತ ನನ್ನ ಪಾಳೆ.”

ಆಟೋದಿಂದ ಇಳಿದು, ಅಂಗಿಯ ತೋಳು ಏರಿಸುತ್ತ ಬಂದು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರು. ಸಾಹೇಬರು ಬಂದು ಅವರ ಇನ್ನೊಂದು ಕೈ ಹಿಡಿದುಕೊಂಡರು. ಸೂಜಿ ಚುಚ್ಚಿದಾಗ ಮೈಕು ಇಲ್ಲದೆಯೇ ಹೊರಟ “ಯಾ ಅಲ್ಲಾ!” ಸ್ಟೇಶನ್ನಿನವರೆಗೂ ಕೇಳಿಸಿರಬೇಕು.

ಮುದುಕಿ ಕುಬಸದ ತೋಳು ಮೇಲೆ ಸರಿಸಿ, ಅವರ ಹೆಗಲು ತಟ್ಟಿದಳು. “ಆತಲ್ಲ, ಏಳು ಇನ್ನ, ದೊಡ್ಡ ಗಂಡಸ. ಹಿಂದ ಮಂದಿ ನಿಂತಾರ.”